ಒಂದೇ ನಂಬರ್, ಬೇರೆ ಬೇರೆ ಗುಂಡು

ಆವತ್ತು ರಾತ್ರಿ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ನನಗೊಂದು ಫೋನ್ ಬಂದಿತ್ತು. ನಮ್ಮ ಸೇನೆಯ ಹೊಸ ರೈಫಲ್‌ಗಳ ಬಗ್ಗೆ ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ದೆವು. ಒಂದು ಅಮೆರಿಕದ ಸಿಗ್ 716, ಇನ್ನೊಂದು ರಷ್ಯಾದ ವಿನ್ಯಾಸದ ಎಕೆ-203. ಪರದೆ ಮೇಲೆ ಎರಡರ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘7.62 ಎಂಎಂ’. ನಾನೂ ಗಂಟಲೇರಿಸಿ ಹೇಳಿಬಿಟ್ಟಿದ್ದೆ, ಎರಡಕ್ಕೂ ಒಂದೇ ಗುಂಡು ಅಂತ.

ಫೋನ್ ಮಾಡಿದವರು ಕೊಡಗಿನ ಒಬ್ಬ ನಿವೃತ್ತ ಹವಾಲ್ದಾರ್. ಬೈಯಲಿಲ್ಲ. ‘ಸಾರ್, ತಪ್ಪು ಹೇಳಿಬಿಟ್ರಿ. ಅದರ ತೋಟೆ ಇದಕ್ಕೆ ಹೋಗಲ್ಲ. ಪೋಸ್ಟ್‌ನಲ್ಲಿ ಪೆಟ್ಟಿಗೆ ಅದಲುಬದಲಾದ್ರೆ ಕೈಯಲ್ಲಿರೋದು ಬಂದೂಕಲ್ಲ, ಬರೀ ದೊಣ್ಣೆ’ ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಓದಿದೆ. ಓದಿದಷ್ಟೂ ನಾಚಿಕೆಯಾಯಿತು, ಕುತೂಹಲವೂ ಹೆಚ್ಚಾಯಿತು.

ನೋಡಿ, 7.62 ಅನ್ನೋದು ನಳಿಕೆಯ ಒಳಗಿನ ಅಗಲ, ಅಷ್ಟೇ. ನಿಮ್ಮ ಮನೆಯ ಅರ್ಧ ಇಂಚಿನ ನಲ್ಲಿ ಇದ್ದ ಹಾಗೆ. ನಲ್ಲಿ ಅರ್ಧ ಇಂಚಿನದೇ ಇರಬಹುದು, ಆದರೆ ನೀರು ಮೂರನೇ ಮಹಡಿಯ ಟ್ಯಾಂಕಿನಿಂದ ಬರುತ್ತಿದೆಯಾ, ಪಕ್ಕದಲ್ಲಿಟ್ಟ ಡ್ರಮ್ಮಿನಿಂದ ಬರುತ್ತಿದೆಯಾ ಅನ್ನೋದರ ಮೇಲೆ ರಭಸ ನಿಂತಿರುತ್ತದೆ. ತೋಟೆಯಲ್ಲಿ ಆ ಟ್ಯಾಂಕಿನ ಕೆಲಸ ಮಾಡೋದು ಮದ್ದು ತುಂಬಿದ ಹಿತ್ತಾಳೆಯ ಅಥವಾ ಉಕ್ಕಿನ ಕೊಳವೆ.

ಈ ನಂಬರ್ ಬಂದಿದ್ದಾದರೂ ಎಲ್ಲಿಂದ? ಇಂಚಿನ ಹತ್ತನೇ ಮೂರು ಭಾಗ ಅಂದರೆ 7.62 ಮಿಲಿಮೀಟರ್. ರಷ್ಯಾದವರು 1891ರಲ್ಲಿ ಮೊಸಿನ್ ರೈಫಲ್ ಮಾಡಿದಾಗ ಇಂಚಿನ ಹತ್ತನೇ ಒಂದು ಭಾಗಕ್ಕೆ ‘ಗೆರೆ’ ಅನ್ನುತ್ತಿದ್ದರು. ಹಾಗಾಗಿ ಅದು ಮೂರು ಗೆರೆಯ ಬಂದೂಕು. ಅದರ ತೋಟೆ 7.62×54. ಅಮೆರಿಕದವರು 1906ರಲ್ಲಿ ತಮ್ಮದನ್ನು ಮಾಡಿದರು, 7.62×63. ಎರಡನೇ ಅಂಕಿ ಕೊಳವೆಯ ಉದ್ದ. ಎರಡೂ ದೈತ್ಯ ತೋಟೆಗಳೇ. ಗುಂಡು ಸೆಕೆಂಡಿಗೆ 800 ಮೀಟರ್‌ಗಿಂತ ವೇಗವಾಗಿ ಹೊರಡುತ್ತಿತ್ತು. ಅವತ್ತಿನ ಜನರಲ್‌ಗಳ ಲೆಕ್ಕ ಏನು ಗೊತ್ತಾ? ಒಂದು ಕಿಲೋಮೀಟರ್ ಆಚೆಯ ಶತ್ರುವಿಗೂ ಹೊಡೆಯಬೇಕು.

ಎರಡನೇ ಮಹಾಯುದ್ಧ ಆ ಲೆಕ್ಕವನ್ನು ಮಣ್ಣುಪಾಲು ಮಾಡಿತು. ಸೈನಿಕ ನಿಜವಾಗಿ ಗುಂಡು ಹಾರಿಸುತ್ತಿದ್ದದ್ದು ಬಹುತೇಕ 300–400 ಮೀಟರ್ ಒಳಗೆ. ಕಣ್ಣಿಗೆ ಕಾಣದ ದೂರಕ್ಕೆ ಅಷ್ಟೊಂದು ಮದ್ದು ಯಾಕೆ ಹೊರಬೇಕು? ಜರ್ಮನರು ತಮ್ಮ 7.92ರ ತೋಟೆಯನ್ನು ಮೋಟು ಮಾಡಿದರು. ಸೋವಿಯತ್ತರು 1943ರಲ್ಲಿ 7.62ಕ್ಕೇ ಸಣ್ಣ ತೋಟೆಯ ವಿನ್ಯಾಸ ಮಾಡಿದರು, ಅದೇ ಮುಂದೆ 7.62×39 ಆಯಿತು. ಕಲಾಶ್ನಿಕೋವ್ ಅವರ ಎಕೆ-47 ಹುಟ್ಟಿದ್ದು ಇದರ ಸುತ್ತ.

ಅಮೆರಿಕ ಮಾತ್ರ ಪಟ್ಟು ಬಿಡಲಿಲ್ಲ. ಬ್ರಿಟಿಷರು ಹಗುರವಾದ .280 ತೋಟೆ ಮುಂದಿಟ್ಟರೂ ಒಪ್ಪಲಿಲ್ಲ. ಒಳ್ಳೆಯ ಮದ್ದು ಬಂದಿತ್ತು, ಕೊಳವೆಯನ್ನು 12 ಮಿಲಿಮೀಟರ್ ಮೊಟಕು ಮಾಡಿ ಹಳೆಯ ವೇಗವನ್ನೇ ಉಳಿಸಿಕೊಂಡರು. ಅದು 7.62×51. 1954ರಲ್ಲಿ ನೇಟೋ ದೇಶಗಳೆಲ್ಲ ಅದನ್ನೇ ಒಪ್ಪಿಕೊಂಡವು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 51ರ ಗುಂಡು ಸುಮಾರು ಒಂಬತ್ತೂವರೆ ಗ್ರಾಂ, ಹೊರಡುವ ವೇಗ ಸೆಕೆಂಡಿಗೆ ಸುಮಾರು 840 ಮೀಟರ್. 39ರ ಗುಂಡು ಎಂಟು ಗ್ರಾಂ ಆಸುಪಾಸು, ವೇಗ ಸುಮಾರು 715. ವ್ಯತ್ಯಾಸ ಇಷ್ಟೇನಾ ಅನ್ನಿಸುತ್ತಲ್ವಾ? ಆದರೆ ಶಕ್ತಿಯ ಲೆಕ್ಕದಲ್ಲಿ ವೇಗವನ್ನು ವೇಗದಿಂದಲೇ ಗುಣಿಸಬೇಕು. 51ರದ್ದು 3,300 ಜೂಲ್ ದಾಟುತ್ತದೆ, 39ರದ್ದು 2,000 ಜೂಲ್ ಹತ್ತಿರ ನಿಲ್ಲುತ್ತದೆ. 300 ಮೀಟರ್ ದಾಟಿದ ಮೇಲೆ ಚಿಕ್ಕ ತೋಟೆಯ ಗುಂಡು ಬೇಗ ಬಸವಳಿದು ಕೆಳಕ್ಕೆ ಬಾಗುತ್ತದೆ. ದೊಡ್ಡದು ಇನ್ನೂ ಹೋಗುತ್ತಲೇ ಇರುತ್ತದೆ.

ಹಾಗಾದ್ರೆ ದೊಡ್ಡದೇ ಮೇಲಾ? ತಾಳಿ. ಐದು ಕಿಲೋ ತೂಕದಲ್ಲಿ 51ರ ತೋಟೆ ಸುಮಾರು 200 ಬರುತ್ತವೆ, 39ರದ್ದು ಸುಮಾರು 300. ಆ 100 ತೋಟೆಗಳ ಬೆಲೆ ಏನು ಅಂತ ಸುತ್ತುವರಿದ ಪೋಸ್ಟ್‌ನಲ್ಲಿ ಕೂತವನನ್ನು ಕೇಳಬೇಕು. ಇನ್ನು ಒದೆತ. ಅಮೆರಿಕದ ಎಂ-14 ಬಂದೂಕಿನಲ್ಲಿ 51ರ ತೋಟೆಯನ್ನು ಒಂದೇ ಸಮನೆ ಹಾರಿಸಿದರೆ ನಳಿಕೆ ಆಕಾಶ ನೋಡುತ್ತಿತ್ತು. ಜಗತ್ತಿನ ಮೇಲೆ ಹೇರಿದ ತೋಟೆಯನ್ನು ಅಮೆರಿಕವೇ ತನ್ನ ಸಾಮಾನ್ಯ ಸೈನಿಕನ ಕೈಯಿಂದ ತೆಗೆಯಿತು. 1964ರ ಹೊತ್ತಿಗೆ ಎಂ-14 ತಯಾರಿಕೆ ನಿಂತಿತ್ತು, 5.56ರ ಎಂ-16 ವಿಯೆಟ್ನಾಮಿಗೆ ಹೊರಟಿತ್ತು.

ಈಗ ನಮ್ಮ ಮನೆಯ ಕಥೆಗೆ ಬರೋಣ. 1962. ನಮ್ಮ ಜವಾನರ ಕೈಯಲ್ಲಿ .303 ಬಂದೂಕು. ಕಾಗದದ ಮೇಲೆ ನೋಡಿದರೆ ಅದರ ತೋಟೆ ಚೀನೀಯರ 7.62×39ಕ್ಕಿಂತ ಬಲಶಾಲಿ, ಒಂದೂವರೆ ಪಟ್ಟು ಶಕ್ತಿ. ಆದರೆ ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು, ಅದೂ ಕೊರೆಯುವ ಚಳಿಯಲ್ಲಿ, ಮರಗಟ್ಟಿದ ಬೆರಳಲ್ಲಿ. ಎದುರಿನವರ ಹೊಸ ಬಂದೂಕಿಗೆ ಟ್ರಿಗರ್ ಒತ್ತಿದರೆ ಸಾಕು. ಆ ವರ್ಷ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂನ್ ಕಂಪನಿಯ ನೂರಕ್ಕೂ ಹೆಚ್ಚು ಮಂದಿ ಕಡೆಯವರೆಗೆ ಕಾದಾಡಿ ಪ್ರಾಣ ಕೊಟ್ಟರು. ಸೋಲಿಗೆ ಬಂದೂಕೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬೆಚ್ಚಗಿನ ಬಟ್ಟೆ ಇರಲಿಲ್ಲ, ಫಿರಂಗಿ ಬೆಂಬಲ ಇರಲಿಲ್ಲ. ಆದರೆ ತೋಟೆಯ ಬಲ ಅವರನ್ನು ಉಳಿಸಲಿಲ್ಲ ಅನ್ನೋದಂತೂ ಸತ್ಯ.

ಆಮೇಲೆ ನಾವು ಆರಿಸಿಕೊಂಡದ್ದು 7.62×51. ಇಶಾಪುರದ ಕಾರ್ಖಾನೆಯಲ್ಲಿ ಎಸ್‌ಎಲ್‌ಆರ್ ತಯಾರಾಯಿತು. ಒಂದು ಸಲ ಒತ್ತಿದರೆ ಒಂದೇ ಗುಂಡು, ಅದೇ ಅದರ ಜಾಣತನ. ಅದೇ ಕಾರ್ಖಾನೆ .303ರ ವಿನ್ಯಾಸವನ್ನೇ ಗಟ್ಟಿಮಾಡಿ ಹೊಸ ತೋಟೆಗೆ ಹೊಂದಿಸಿತು. ಮೊದಲು ಅದರ ಗುರಿಪಟ್ಟಿಯಲ್ಲಿ 2,000 ಮೀಟರ್‌ವರೆಗೆ ಗುರುತು ಇತ್ತು. ಸ್ವಲ್ಪ ಕಾಲದಲ್ಲೇ ಅದನ್ನು 800ಕ್ಕೆ ಇಳಿಸಿದರು. ಎರಡು ಕಿಲೋಮೀಟರ್ ಆಚೆಗೆ ರೈಫಲ್ ಹಿಡಿದು ಯಾರು ಹೊಡೀತಾರೆ ಸ್ವಾಮಿ? ಅನುಭವ ಅನ್ನೋದು ಹೀಗೆ ಕೆಲಸ ಮಾಡುತ್ತದೆ.

ತೂಕ ಕಡಿಮೆ ಮಾಡಲು 1990ರ ದಶಕದಲ್ಲಿ 5.56ರ ಇನ್ಸಾಸ್ ಬಂತು. ಕಾರ್ಗಿಲ್ ಚಳಿಯಲ್ಲಿ ಅದು ಸಿಕ್ಕಿಹಾಕಿಕೊಂಡ, ಮ್ಯಾಗಜಿನ್ ಬಿರಿದ ದೂರುಗಳು ಬಂದವು. ಕೊನೆಗೆ ಮತ್ತೆ 7.62ಕ್ಕೆ ಮರಳಿದೆವು, ಆದರೆ ಈ ಸಲ ಎರಡು ದಾರಿಯಲ್ಲಿ. 2019ರ ಫೆಬ್ರವರಿಯಲ್ಲಿ 72,400 ಸಿಗ್ 716ಕ್ಕೆ ಒಪ್ಪಂದ, ಅದರದ್ದು 51. 2021ರ ಡಿಸೆಂಬರ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203ಕ್ಕೆ ಒಪ್ಪಂದ, ಅಮೇಠಿಯ ಕೊರ್ವಾದಲ್ಲಿ ತಯಾರಿ, ಅದರದ್ದು 39. ಕಣಿವೆಯ ಈ ಗುಡ್ಡದಿಂದ ಆ ಗುಡ್ಡಕ್ಕೆ ಹೊಡೆಯುವವನಿಗೆ ಮೊದಲನೆಯದು ಸರಿ. ಕಾಡಿನಲ್ಲಿ, ಓಣಿಯಲ್ಲಿ, ಮನೆಯೊಳಗೆ ನುಗ್ಗುವವನಿಗೆ ಎರಡನೆಯದು. ಇದಕ್ಕೊಂದು ಬೆಲೆಯೂ ಇದೆ. ಒಂದೇ ನಂಬರಿನ ಎರಡು ಬಗೆಯ ಪೆಟ್ಟಿಗೆ ಸರಿಯಾದ ಪೋಸ್ಟ್‌ಗೆ ಸರಿಯಾಗಿ ತಲುಪಬೇಕು.

ವೇಗದ ಅಂಕಿ ಟೀವಿ ಪರದೆ ಮೇಲೆ ಚೆನ್ನಾಗಿ ಕಾಣುತ್ತದೆ, ನಮಗೂ ಹೇಳೋಕೆ ಖುಷಿ. ಆದರೆ ಎಷ್ಟು ದೂರಕ್ಕೆ, ಎಷ್ಟು ಹೊತ್ತುಕೊಂಡು, ಎಂಥ ಚಳಿಯಲ್ಲಿ ಅನ್ನೋ ಮೂರು ಪ್ರಶ್ನೆ ಕೇಳದೆ ಆ ಅಂಕಿಗೆ ಅರ್ಥವಿಲ್ಲ.

ಮರುದಿನ ರಾತ್ರಿ ಬುಲೆಟಿನ್‌ನಲ್ಲಿ ತಪ್ಪು ಒಪ್ಪಿಕೊಂಡು ತಿದ್ದಿದೆ. ಹವಾಲ್ದಾರರಿಗೆ ಫೋನ್ ಮಾಡಿ, ನಿಮ್ಮ ಲೆಕ್ಕದಲ್ಲಿ ಎರಡರಲ್ಲಿ ಯಾವುದು ಒಳ್ಳೇದು ಅಂತ ಕೇಳಿದೆ. ನಕ್ಕರು. ‘ಬೇಕಾದಾಗ ಹಾರೋದು ಒಳ್ಳೇದು ಸಾರ್’ ಅಂದರು.