ಕಾರು ಬಾರದ ದಾರಿಗಳು: ಕೆಜಿಎಫ್, ಬಂಗಾರಪೇಟೆಯಲ್ಲಿ ಸೈಕಲ್ ತುಳಿಯೋರು ತಿಳಿದಿರಬೇಕಾದ್ದು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಾಗಾಗಿ ಮಂಡ್ಯದಂಥ ದೊಡ್ಡ ನಾಲೆ ಇಲ್ಲ, ನಾಲೆ ಪಕ್ಕದಲ್ಲಿ ಮೈಲುಗಟ್ಟಲೆ ಸಾಗುವ ರಸ್ತೆಯೂ ಇಲ್ಲ. ಆದರೂ ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳಲ್ಲಿ ಕಾರಿನ ಹಾರ್ನ್ ಕೇಳದೆ ಅರ್ಧ ದಿನ ಸೈಕಲ್ ತುಳಿಯಬಹುದು. ಈ ದಾರಿಗಳು ಯಾವುವು, ಕಾನೂನಿನ ಪ್ರಕಾರ ಯಾರವು, ಯಾಕೆ ಒಂದೊಂದಾಗಿ ಕಾಣೆಯಾಗ್ತಿವೆ ಅನ್ನೋದನ್ನ ಒಂದೇ ಕಡೆ ಬರೆದಿಡೋಣ ಅಂತ ಇದು.

ಮೊದಲು ಒಂದು ಮಾತು. ಸೈಕಲ್ ಅಂದ ತಕ್ಷಣ ನಮ್ಮ ಮಾಧ್ಯಮಗಳಿಗೆ ನೆನಪಾಗೋದು ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕ್ಕೊಂಡು ಬೆಂಗಳೂರಿಂದ ಬರೋರು. ಅವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇಲ್ಲಿ ನಿಜವಾಗಿ ಸೈಕಲ್ ನಂಬಿಕೊಂಡಿರೋರು ಡೈರಿಗೆ ಹಾಲು ಒಯ್ಯೋರು, ಹೈಸ್ಕೂಲ್ ಮಕ್ಕಳು, ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗೋರು. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬದುಕಿದ್ದೇ ಆ ರೈಲಿನಿಂದ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಆ 16 ಕಿಲೋಮೀಟರ್ ಹಳಿ 1894ರಲ್ಲಿ ಚಿನ್ನಕ್ಕಾಗಿ ಹಾಕಿದ್ದು. ಈಗ ಕೂಲಿ ಹೊರುತ್ತೆ. ಮನೆಯಿಂದ ಸ್ಟೇಷನ್ನಿಗೆ ಇರುವ ಮೂರ್ನಾಲ್ಕು ಕಿಲೋಮೀಟರನ್ನ ಸುರಕ್ಷಿತವಾಗಿ ಹೇಗೆ ದಾಟೋದು ಅನ್ನೋದೇ ಈ ಊರಿನ ಸೈಕಲ್ ಪ್ರಶ್ನೆ.

ದಾರಿ ಅಂದರೆ ಯಾವುದು?

ಇಲ್ಲಿ ಕಾರಿಲ್ಲದ ದಾರಿ ಮೂರು ಥರ. ಒಂದು, ಕೆರೆ ಏರಿ. ಕೆಲವು ಏರಿಗಳ ಮೇಲೆ ಡಾಂಬರು ಬಿದ್ದು ಬಸ್ಸು ಓಡುತ್ತೆ, ಉಳಿದವು ಇನ್ನೂ ಮಣ್ಣಿನವೇ. ಎರಡು, ಕಾಲುವೆ ದಂಡೆ. ಒಂದು ಕೆರೆ ತುಂಬಿ ಕೋಡಿ ಹರಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತೆ. ತೂಬಿನಿಂದ ಗದ್ದೆಗೆ ಹೋಗುವ ಸಣ್ಣ ಕಾಲುವೆಗಳು ಬೇರೆ. ನೀರಗಂಟಿ ಓಡಾಡ್ತಿದ್ದ ದಾರಿಯೇ ಈ ದಂಡೆ. ಮೂರನೆಯದು ಬಂಡಿದಾರಿ, ಹಳ್ಳಿಯಿಂದ ಹೊಲಕ್ಕೆ, ಹಳ್ಳಿಯಿಂದ ಹಳ್ಳಿಗೆ.

ನೀರು ತನ್ನ ಪಾಡಿಗೆ ಇಳಿಜಾರಲ್ಲಿ ಹೋಗುತ್ತಲ್ಲ, ಆದ್ದರಿಂದ ಕಾಲುವೆ ದಂಡೆಯಲ್ಲಿ ಕಡಿದಾದ ಏರು ಸಿಗೋದು ಅಪರೂಪ. ಗೇರ್ ಇಲ್ಲದ ಹಳೇ ಸೈಕಲ್ಲೇ ಸಾಕು. ಯುರೋಪಿನ ಕಾಲುವೆ ದಂಡೆಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂತಿರೋದಕ್ಕೂ ಇದೇ ಕಾರಣ. ಅಲ್ಲಿ ದೋಣಿ ಎಳೆಯುವ ಕುದುರೆಗೆ ದಂಡೆ ಮೇಲೆ ಸಮತಟ್ಟಾದ ದಾರಿ ಮಾಡಿದ್ದರು. ಕುದುರೆ ಹೋಯ್ತು, ದಾರಿ ಉಳಿಯಿತು. ನಮ್ಮಲ್ಲಿ ಎತ್ತಿನ ಬಂಡಿ ಹೋಯ್ತು, ಅದರ ಜೊತೆ ದಾರಿಯೂ ಹೋಗ್ತಿದೆ.

ಯಾರ ಸ್ವತ್ತು?

ಸಿವಿಲ್ ಎಂಜಿನಿಯರಿಂಗ್ ಓದಿದ್ದು ಪತ್ರಿಕೋದ್ಯಮದಲ್ಲಿ ಉಪಯೋಗಕ್ಕೆ ಬರೋದು ಕಮ್ಮಿ, ಇಲ್ಲಿ ಬಂತು. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಎರಡು ಸಾಲು ತುಂಡುಗೆರೆ ಇದ್ದರೆ ಬಂಡಿದಾರಿ, ಒಂದೇ ಸಾಲಿದ್ದರೆ ಕಾಲುದಾರಿ. ಹಳ್ಳಿ ಜನ ‘ನಕಾಶೆ ಕಂಡ ದಾರಿ’ ಅನ್ನೋದು ಇದಕ್ಕೇ. ನಕಾಶೆಯ ಪಿಡಿಎಫ್ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತೆ. ‘ದಿಶಾಂಕ್’ ಆ್ಯಪ್ ಹಾಕ್ಕೊಂಡರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಬರುತ್ತೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇಲಿ ಎಲ್ಲಿ ಮುಂದೆ ಬಂದಿದೆ ಅನ್ನೋದು ಗೊತ್ತಾಗೋಕೆ ಹೆಚ್ಚು ಹೊತ್ತು ಬೇಕಿಲ್ಲ.

ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 67ನೇ ಸೆಕ್ಷನ್ ಪ್ರಕಾರ ಬೇರೆಯವರ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹಳ್ಳ, ಕೆರೆ, ಕಾಲುವೆ ಎಲ್ಲವೂ ಸರ್ಕಾರದವು. ಪಹಣಿಯಲ್ಲಿ ‘ಬಿ ಖರಾಬು’ ಅಂತ ಬರೆದಿರೋದು ಇಂಥ ಸಾರ್ವಜನಿಕ ಬಳಕೆಯ ಜಾಗ. ಅದು ಯಾರ ಸರ್ವೆ ನಂಬರಿನೊಳಗೆ ಬಂದರೂ ಅದಕ್ಕೆ ಅವರು ಮಾಲೀಕರಲ್ಲ. ಒತ್ತುವರಿ ಮಾಡಿದರೆ 192-ಎ ಸೆಕ್ಷನ್ ಪ್ರಕಾರ ಅಪರಾಧ.

ಆದರೆ ಎಲ್ಲ ಬಂಡಿದಾರಿಯೂ ಖರಾಬಿನಲ್ಲಿ ಇರಲ್ಲ. ಎಷ್ಟೋ ಕಡೆ ಚುಕ್ಕಿಗೆರೆ ಖಾಸಗಿ ಜಮೀನಿನ ಮೇಲೇ ಹಾದಿರುತ್ತೆ. ಅಲ್ಲಿ ನೆಲ ರೈತನದು, ಓಡಾಡುವ ಹಕ್ಕು ಮಾತ್ರ ಬೇರೆಯವರದು. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ ಬಳಸಿದ ದಾರಿಗೆ ಹಕ್ಕು ಹುಟ್ಟುತ್ತೆ. ಆ ಹಕ್ಕು ಹಿಂದಿನ ಹೊಲದ ರೈತನಿಗೆ, ಹವಾ ತಗೊಳ್ಳೋಕೆ ಬಂದ ನಿಮಗಲ್ಲ. ಆದ್ದರಿಂದ ಹೊಲದಲ್ಲಿ ಯಾರಾದರೂ ಕಂಡರೆ ಇಳಿದು, “ಅಣ್ಣಾ, ಈ ದಾರೀಲಿ ಹೋಗಬಹುದಾ?” ಅಂತ ಕೇಳಿ. ಕನ್ನಡ, ತೆಲುಗು, ತಮಿಳು ಮೂರರಲ್ಲಿ ಯಾವುದರಲ್ಲಿ ಕೇಳಿದರೂ ಉತ್ತರ ಸಿಗುವ ಸೀಮೆ ಇದು.

ಯಾವ ಕಡೆ ಹೋಗೋದು?

ಬಂಗಾರಪೇಟೆಯಿಂದ ದಕ್ಷಿಣಕ್ಕೆ ಬೂದಿಕೋಟೆ, ಅಂದರೆ ಹೈದರಾಲಿ ಹುಟ್ಟಿದ ಊರು. ಮುಂದೆ ಯರಗೋಳು, ಮಾರ್ಕಂಡೇಯ ನದಿಯ ಅಣೆಕಟ್ಟು. ಈ ಭಾಗದಲ್ಲಿ ಬಂಡೆ ಗುಡ್ಡ, ರಾಗಿ ಹೊಲ, ಹಿಪ್ಪುನೇರಳೆ ತೋಟ. ಟೊಮೆಟೊ ಕಾಲದಲ್ಲಿ ಪಿಕಪ್ ಗಾಡಿಗಳು ಬಂಡಿದಾರಿಗೂ ನುಗ್ಗುತ್ತವೆ, ನೋಡಿಕೊಳ್ಳಿ. ಕಾಮಸಮುದ್ರದ ಕಡೆ ಹೋಗುವವರು ನಸುಕಿನಲ್ಲೂ ಸಂಜೆಗತ್ತಲಲ್ಲೂ ಹೋಗಬೇಡಿ, ಆನೆ ಬರುತ್ತೆ. ತಮಾಷೆಗೆ ಹೇಳ್ತಿಲ್ಲ.

ಕೆಜಿಎಫ್‌ನಿಂದ ಈಶಾನ್ಯಕ್ಕೆ ಬೇತಮಂಗಲ. ಪಾಲಾರ್ ಮೇಲಿನ ಈ ಕೆರೆಯೇ ಗಣಿಗೂ ಊರಿಗೂ ನೀರು ಕೊಟ್ಟಿದ್ದು. ಕೋಟಿಲಿಂಗೇಶ್ವರ ಇರುವ ಕಮ್ಮಸಂದ್ರದ ದಾರಿಯನ್ನ ರಜಾ ದಿನ ಬಿಟ್ಟುಬಿಡಿ, ಕಾರುಗಳದೇ ಜಾತ್ರೆ.

ಗಣಿ ಪ್ರದೇಶದೊಳಗೆ ಇಂಗ್ಲಿಷರ ಕಾಲದ ಮರದ ಸಾಲಿನ ರಸ್ತೆಗಳು ಎಷ್ಟೇ ಖಾಲಿ ಕಂಡರೂ ಅಲ್ಲಿ ಬಹುಪಾಲು ಜಾಗ ಬಿಜಿಎಂಎಲ್‌ನದು. ಸೈನೈಡ್ ಗುಡ್ಡದ ಮೇಲೆ ಸೈಕಲ್ ಹತ್ತಿಸಿ ವಿಡಿಯೋ ಮಾಡೋ ಹುಚ್ಚು ಬೇಡ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಗಾಳಿ ಜೋರಾದರೆ ಚಾಂಪಿಯನ್ ರೀಫ್, ಮಾರಿಕುಪ್ಪಂನ ಮನೆಗಳೊಳಗೂ ಬೀಳುತ್ತೆ. ಅದನ್ನ ಉಸಿರಾಡೋ ಕರ್ಮ ಅಲ್ಲಿನವರಿಗೆ ಆಯ್ಕೆಯಲ್ಲ, ನಿಮಗೆ ಆಯ್ಕೆ. ಇಂಥ 13 ಗುಡ್ಡಗಳಿರುವ ಸುಮಾರು ಸಾವಿರ ಎಕರೆಯಲ್ಲಿ ಮತ್ತೆ ಗಣಿಗಾರಿಕೆಗೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದೆ. ಕೆಲಸ ಶುರುವಾದರೆ ಲಾರಿಗಳು ಯಾವ ರಸ್ತೆ ಹಿಡೀತವೆ, ಸ್ಟೇಷನ್ನಿಗೆ ಸೈಕಲ್ಲಲ್ಲಿ ಹೋಗೋರು ಯಾವ ರಸ್ತೆ ಹಿಡೀಬೇಕು ಅನ್ನೋದನ್ನ ಈಗಲೇ ಕೇಳಬೇಕು. ರೈಲು ಹಳಿ ಪಕ್ಕದ ಕಾಲುದಾರಿ ಇದಕ್ಕೆ ಉತ್ತರವಲ್ಲ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಅದು ಅತಿಕ್ರಮ ಪ್ರವೇಶ.

ಕೋಲಾರದ ಕಡೆ ತಿರುಗಿದರೆ ಕೆ.ಸಿ. ವ್ಯಾಲಿ ನೀರು ಸಿಗುತ್ತೆ. ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ಹರಿಸಿ 126 ಕೆರೆ ತುಂಬಿಸುವ ಯೋಜನೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ನೊರೆಯೂ ಬಂತು, ಕೇಸು ಹೈಕೋರ್ಟು, ಸುಪ್ರೀಂ ಕೋರ್ಟು ನೋಡಿತು. ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನೋ ಹೋರಾಟಗಾರರ ಮಾತು ಸರಿ ಅಂತ್ಲೇ ನನ್ನ ಅಭಿಪ್ರಾಯ. ಆದರೆ ಒಂದು ಉಪಕಾರವಾಗಿದೆ: ನೀರು ಹರಿಯಬೇಕಾದ್ದರಿಂದ ಮುಚ್ಚಿಹೋಗಿದ್ದ ಕಾಲುವೆಗಳ ಹೂಳು ತೆಗೆಯಬೇಕಾಯಿತು. ಆ ದಂಡೆಗಳಲ್ಲಿ ಸೈಕಲ್ ಹೋಗುತ್ತೆ. ಆ ನೀರಲ್ಲಿ ಮಾತ್ರ ಮುಖ ತೊಳೀಬೇಡಿ.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ತಿಳಿನೀರಿನ ಪಾನಿಪುರಿ ಇದ್ದೇ ಇದೆ.

ಗಣಿ ಮುಚ್ಚಿದ ಇನ್ನೊಂದು ಊರು

ಬೆಲ್ಜಿಯಂನ ಲಿಂಬರ್ಗ್ ಕಲ್ಲಿದ್ದಲ ಸೀಮೆ. ಅಲ್ಲಿನ ಕೊನೇ ಗಣಿ 1992ರಲ್ಲಿ ಮುಚ್ಚಿತು. ಹ್ಯೂಗೋ ಬೋಲನ್ ಅನ್ನೋ ಗಣಿ ಎಂಜಿನಿಯರ್, ನೆಲದಡಿಯ ಕವಲುಗಳಲ್ಲಿ ದಾರಿ ಗುರುತಿಸುವ ಕ್ರಮವನ್ನೇ ಸೈಕಲ್ ದಾರಿಗೆ ತಂದರು. ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರ್. ನೀವು ಹೋಗಬೇಕಾದ ನಂಬರುಗಳನ್ನ ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಕಾಲುವೆ ದಂಡೆ, ಹಳ್ಳಿ ದಾರಿ ಎಲ್ಲ ಸೇರಿಸಿ 1995ರಲ್ಲಿ ಶುರುವಾದ ಈ ಜಾಲ ಆಮೇಲೆ ನೆದರ್ಲೆಂಡ್ಸ್, ಜರ್ಮನಿಗೂ ಹಬ್ಬಿತು. ಹೊಸ ರಸ್ತೆಗಿಂತ ಹೆಚ್ಚಾಗಿ ಅವರು ಹಾಕಿದ್ದು ಬೋರ್ಡು. ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿಗಾರರ ಊರಲ್ಲಿ ಇದನ್ನ ಮಾಡೋಕೆ ಬುದ್ಧಿವಂತರಿಗೇನೂ ಬರ ಇಲ್ಲ.

ನಮ್ಮ ಸರ್ಕಾರಗಳ ದುಡ್ಡು ಹೋಗಿದ್ದು ಬೇರೆ ಕಡೆ. ಹೊಸಕೋಟೆಯಿಂದ ಬೇತಮಂಗಲದತ್ತ ಸುಮಾರು 70 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ 2024ರ ಕೊನೆಗೆ ವಾಹನಗಳಿಗೆ ತೆರೆಯಿತು. ಅಲ್ಲಿ ಬೈಕಿಗೂ ಪ್ರವೇಶವಿಲ್ಲ, ಸೈಕಲ್ಲಿನ ಮಾತೇ ಬೇಡ. ಆ ಎತ್ತರದ ದಿಬ್ಬ ಅಡ್ಡಬಂದ ಕಡೆ ಬಂಡಿದಾರಿ ಹಿಡಿದು ಬಂದವರು ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು. ಇತ್ತ, 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಮಕ್ಕಳ ಉಚಿತ ಸೈಕಲ್ ಯೋಜನೆ ಕೋವಿಡ್ ಬಂದಮೇಲೆ ನಿಂತಿತು.

ಮಂಡ್ಯದ ಪಾಠವೂ ನೆನಪಿರಲಿ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅಂಥ ಸುದ್ದಿ ಬಂದಾಗೆಲ್ಲ ತಡೆಗೋಡೆ ಬೇಕು ಅಂತೀವಿ. ಬೇಕು, ನಿಜ. ಆದರೆ ನೀರಿನ ಪಕ್ಕದ ಇಕ್ಕಟ್ಟಿನ ದಾರಿಗೆ ದೊಡ್ಡ ವಾಹನ ಯಾಕೆ ಬರಬೇಕು ಅಂತ ಕೇಳೋರು ಕಮ್ಮಿ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ನಿನಲ್ಲಿ ನಿರ್ದಿಷ್ಟ ರಸ್ತೆಗೆ ಮೋಟಾರು ವಾಹನ ಬರದಂತೆ ತಡೆಯುವ ಅಧಿಕಾರ ಸರ್ಕಾರಕ್ಕೂ, ಅದು ಅಧಿಕಾರ ಕೊಟ್ಟವರಿಗೂ ಇದೆ. ಕೆರೆ ಏರಿಗೆ ಇದನ್ನ ಬಳಸಲು ಹೊಸ ಕಾನೂನೇನೂ ಬೇಕಿಲ್ಲ.

ನಿಮ್ಮೂರಿನ ದಾರಿ ಮುಚ್ಚಿದ್ದರೆ ಹೀಗೆ ಮಾಡಿ. ಗ್ರಾಮ ನಕಾಶೆಯ ಪ್ರತಿ, ದಿಶಾಂಕ್‌ನ ಸ್ಕ್ರೀನ್‌ಶಾಟ್, ಜಾಗದ ಫೋಟೋ, ಅಕ್ಕಪಕ್ಕದ ಸರ್ವೆ ನಂಬರುಗಳ ಪಹಣಿ ಜೋಡಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಒಂದು ಪ್ರತಿ ಗ್ರಾಮ ಪಂಚಾಯಿತಿಗೆ. ಸರ್ವೆ ಮಾಡಿಸಿ ಗಡಿ ಗುರುತಿಸಿ ಅಂತ ಸ್ಪಷ್ಟವಾಗಿ ಬರೆಯಿರಿ, ‘ಸೂಕ್ತ ಕ್ರಮ ಕೈಗೊಳ್ಳಿ’ ಅಂತಷ್ಟೇ ಬರೆದರೆ ಫೈಲು ಅಲ್ಲೇ ಮಲಗುತ್ತೆ. ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ. ಅರ್ಜಿಗೆ ಸಹಿ ಹಾಕುವಾಗ ಆ ದಾರಿಯಲ್ಲಿ ದಿನಾ ಹೋಗುವ ರೈತರ, ಹಾಲು ಹಾಕುವ ಹೆಂಗಸರ ಹೆಸರು ಮೊದಲು ಬರಲಿ, ಸೈಕಲ್ ಕ್ಲಬ್ಬಿನ ಹೆಸರು ಕೊನೆಗೆ.