ಸ್ಟ್ರೀಮಿಂಗ್ ಸೇವೆಗಳು: ಮನರಂಜನೆಯ ಮಧ್ಯವರ್ತಿಗಳು

ಚಲನಚಿತ್ರ, ಸರಣಿ, ಸಂಗೀತಗಳನ್ನು ಹಕ್ಕುದಾರರಿಂದ ಪಡೆದು ಅಂತರಜಾಲದ ಮೂಲಕ ಪ್ರೇಕ್ಷಕರಿಗೆ ತಲುಪಿಸುವ ವಾಣಿಜ್ಯ ವ್ಯವಸ್ಥೆ. ಚಂದಾ, ಜಾಹೀರಾತು ಮತ್ತು ಬಿಡಿ ಬಾಡಿಗೆ ಈ ಸೇವೆಗಳ ಆದಾಯದ ಮೂಲಗಳು. ವಿಡಿಯೊ ಸೇವೆಗಳು ಭಾರತದಲ್ಲಿ ಒಟಿಟಿ ಎಂದೇ ಪರಿಚಿತ.

ಬೆಳವಣಿಗೆ: ಅಮೆರಿಕದಲ್ಲಿ 1997ರಲ್ಲಿ ಸ್ಥಾಪನೆಯಾದ ನೆಟ್‌ಫ್ಲಿಕ್ಸ್ ಮೊದಲು ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕೊಡುತ್ತಿತ್ತು, 2007ರಲ್ಲಿ ಸ್ಟ್ರೀಮಿಂಗ್ ಆರಂಭಿಸಿ, 2016ರಲ್ಲಿ ಭಾರತಕ್ಕೆ ಬಂತು. 2019ರಲ್ಲಿ ಡಿಸ್ನಿ ತನ್ನದೇ ಸೇವೆ ತೆರೆಯಿತು. ಹೀಗೆ ನಿರ್ಮಾಪಕ ಸಂಸ್ಥೆಯೇ ವಿತರಕನೂ ಆಯಿತು.

ಮೌಲ್ಯ: ಸಾವಿರಾರು ಹಕ್ಕುದಾರರೊಡನೆ ಪ್ರೇಕ್ಷಕ ಬೇರೆ ಬೇರೆಯಾಗಿ ವ್ಯವಹರಿಸಬೇಕಾಗಿಲ್ಲ. ಸರ್ವರ್, ಹಣ ಪಾವತಿ, ಉಪಶೀರ್ಷಿಕೆ, ಡಬ್ಬಿಂಗ್‌ಗಳ ಹೊಣೆಯನ್ನು ಸಾಮಾನ್ಯವಾಗಿ ಸೇವೆಯೇ ಹೊರುತ್ತದೆ. ಊರಿನ ಚಿತ್ರಮಂದಿರಕ್ಕೆ ಬಾರದ ಚಿತ್ರವೂ ಹೊರದೇಶದ ಕನ್ನಡಿಗರ ಮನೆ ಮುಟ್ಟುತ್ತದೆ.

ಕನ್ನಡದಲ್ಲಿ: ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ನಟ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರವಾಗಿ ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದವು. ಆದರೆ ರಕ್ಷಿತ್ ಶೆಟ್ಟಿ ನಿರ್ಮಾಣದ ‘ಏಕಂ’ ಸರಣಿಗೆ ಕೊಳ್ಳುವ ವೇದಿಕೆ ಸಿಗಲಿಲ್ಲ. ಕರಾವಳಿಯ ಏಳು ಕಥೆಗಳ ಈ ಸರಣಿಯನ್ನು ಅವರು 2024ರ ಜುಲೈನಲ್ಲಿ ಸ್ವಂತ ಜಾಲತಾಣದಲ್ಲೇ ಬಿಡುಗಡೆ ಮಾಡಿದರು. ಮಧ್ಯವರ್ತಿಯಿಲ್ಲದೆಯೂ ಕೃತಿ ಜನರನ್ನು ತಲುಪಬಲ್ಲದು. ಆದರೆ ಆಗ ಪ್ರಚಾರ, ತಾಂತ್ರಿಕ ವ್ಯವಸ್ಥೆ, ನಷ್ಟದ ಭಯ ಎಲ್ಲವೂ ನಿರ್ಮಾಪಕರ ಹೆಗಲಿಗೇ ಬೀಳುತ್ತವೆ.

ಮಿತಿಗಳು: ಪರವಾನಗಿಯ ಅವಧಿ ಮುಗಿದರೆ ಕೃತಿ ಪಟ್ಟಿಯಿಂದ ಮರೆಯಾಗುತ್ತದೆ. ವೀಕ್ಷಣೆಯ ಪೂರ್ಣ ಅಂಕಿಅಂಶ ಹೆಚ್ಚಾಗಿ ಸೇವೆಯ ಕೈಯಲ್ಲೇ ಉಳಿಯುವುದರಿಂದ ಬೆಲೆಯ ಚೌಕಾಸಿಯಲ್ಲಿ ಸಣ್ಣ ನಿರ್ಮಾಪಕರು ಹಿಂದೆ ಬೀಳುತ್ತಾರೆ. ಯಾವ ಭಾಷೆಯ ಯಾವ ಕಥೆಗೆ ಹಣ ಹೂಡಬೇಕೆಂಬ ತೀರ್ಮಾನ ಕೆಲವೇ ಸಂಸ್ಥೆಗಳಲ್ಲಿ ಕೇಂದ್ರೀಕೃತವಾಗುವುದು ಪ್ರಾದೇಶಿಕ ಭಾಷೆಗಳ ಪಾಲಿಗೆ ಗಂಭೀರ ಪ್ರಶ್ನೆ.