ನಾಲ್ಕನೆಯ ಹುಡುಗಿ



ಮಂಜುಗಡ್ಡೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಬ್ಬಿನ ಹಾಲಿನ ಅಂಗಡಿ, ಇಲ್ಲವೇ ಮೀನು ಮಾರುಕಟ್ಟೆ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತವರಿಗೆ ರಷ್ಯಾದ ಐಸ್ ಸ್ಕೇಟಿಂಗ್ ಕತೆ ಯಾಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಮೊದಲು ಒಂದು ಒಗಟು ಹೇಳುತ್ತೇನೆ.

2018ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಅಲೀನಾ ಜಗಿಟೋವಾ ಎಂಬ 15 ವರ್ಷದ ಹುಡುಗಿ ಫಿಗರ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಳು. ಅದೇ ಡಿಸೆಂಬರಿನಲ್ಲಿ ಸರಾನ್ಸ್ಕ್ ಎಂಬ ಊರಿನಲ್ಲಿ ರಷ್ಯಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಆಕೆಗೆ ಸಿಕ್ಕಿದ್ದು ಐದನೆಯ ಸ್ಥಾನ. ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ, ಒಲಿಂಪಿಕ್ ಬೆಳ್ಳಿ ಗೆದ್ದಿದ್ದ ಎವ್ಗೇನಿಯಾ ಮೆಡ್ವೆಡೆವಾಗೆ ಏಳನೆಯದು. ಹಾಗಾದರೆ ಮೊದಲ ಮೂವರು ಯಾರು? ಅನ್ನಾ ಶೆರ್ಬಕೋವಾ, ಅಲೆಕ್ಸಾಂಡ್ರಾ ಟ್ರುಸೋವಾ, ಅಲ್ಯೋನಾ ಕೊಸ್ಟೊರ್ನಾಯಾ. ವಯಸ್ಸು ಕ್ರಮವಾಗಿ 14, 14, 15. ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಲು ಈ ಮೂವರಿಗೂ ವಯಸ್ಸು ಸಾಲದು. ಹಾಗಾಗಿ ಐದನೆಯವಳಾದ ಜಗಿಟೋವಾ ಹೋದಳು. 2019ರ ಮಾರ್ಚಿನಲ್ಲಿ ಜಪಾನಿನ ಸೈತಾಮಾದಿಂದ ಚಿನ್ನದ ಪದಕ ಹಾಕಿಕೊಂಡು ಬಂದಳು. ಏಳನೆಯವಳಾಗಿದ್ದ ಮೆಡ್ವೆಡೆವಾ ಕಂಚು ತಂದಳು.

ಮನೆಯಲ್ಲಿ ಐದನೆಯವಳು, ಲೋಕಕ್ಕೆ ಮೊದಲನೆಯವಳು! ಒಂದು ದೇಶದಲ್ಲಿ ಒಂದು ಆಟ ಇಷ್ಟು ಆಳವಾಗಿ ಬೇರೂರಿದ್ದು ಹೇಗೆ? ಆ ಆಳದಲ್ಲಿ ಮುಳುಗಿಹೋದವರು ಯಾರು? ಇವತ್ತಿನ ಮಾತು ಇದರ ಬಗ್ಗೆ.

ಸ್ವಾರಸ್ಯವೆಂದರೆ, ಬಹಳ ಕಾಲ ಈ ವಿಭಾಗದಲ್ಲಿ ರಷ್ಯಾದ ಕೈ ಬರಿದಾಗಿಯೇ ಇತ್ತು. ರಷ್ಯಾಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಬಂದದ್ದೇ ಸ್ಕೇಟಿಂಗ್‌ನಿಂದ, 1908ರ ಲಂಡನ್ ಕ್ರೀಡಾಕೂಟದಲ್ಲಿ. ಗೆದ್ದವರು ನಿಕೊಲಾಯ್ ಪಾನಿನ್. ಮಂಜಿನ ಮೇಲೆ ಸ್ಕೇಟಿನ ಅಲಗಿನಿಂದ ರಂಗೋಲಿ ಹಾಕಿದಂತೆ ಆಕೃತಿಗಳನ್ನು ಬರೆಯುವ ಸ್ಪರ್ಧೆ ಅದು. ಮುಂದೆ ಸೋವಿಯತ್ ಕಾಲದಲ್ಲಿ ಗಂಡು ಹೆಣ್ಣು ಜೋಡಿಯಾಗಿ ಆಡುವ ಸ್ಪರ್ಧೆ ಅವರ ಸ್ವಂತ ಆಸ್ತಿಯಂತಾಯಿತು. 1964ರಿಂದ 2006ರವರೆಗೆ ಸತತ 12 ಒಲಿಂಪಿಕ್‌ಗಳಲ್ಲಿ ಜೋಡಿ ವಿಭಾಗದ ಚಿನ್ನ, ಮೊದಲು ಸೋವಿಯತ್ ಒಕ್ಕೂಟದ, ಆಮೇಲೆ ರಷ್ಯಾದ ಪಾಲಾಯಿತು. 2002ರಲ್ಲಿ ಮಾತ್ರ ಅದನ್ನು ಕೆನಡಾದ ಜೋಡಿಯೊಂದಿಗೆ ಹಂಚಿಕೊಳ್ಳಬೇಕಾಯಿತು. ಇರಿನಾ ರೊಡ್ನಿನಾ ಒಬ್ಬರೇ ಮೂರು ಚಿನ್ನ ಗೆದ್ದರು.

ಆದರೆ ಒಬ್ಬಳೇ ಹುಡುಗಿ ರಿಂಕಿಗೆ ಇಳಿದಾಗ ಕತೆಯೇ ಬೇರೆ. ಯೆಲೆನಾ ವೊಡೊರೆಜೊವಾ 1976ರ ಇನ್ಸ್‌ಬ್ರುಕ್ ಒಲಿಂಪಿಕ್‌ಗೆ ಹೋದಾಗ ಆಕೆಗೆ ಬರೀ 12 ವರ್ಷ. ಮುಂದೆ ಕೀಲುನೋವಿನ ಕಾಯಿಲೆಯೊಂದಿಗೆ ಹೆಣಗಾಡುತ್ತಲೇ 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದಳು. ಸೋವಿಯತ್ ಮಹಿಳೆಯೊಬ್ಬಳಿಗೆ ಈ ವಿಭಾಗದಲ್ಲಿ ಸಿಕ್ಕ ಮೊದಲ ವಿಶ್ವ ಪದಕ ಅದು. ಮರುವರ್ಷ ಸರಾಯೆವೊದಲ್ಲಿ ಕಿರಾ ಇವನೋವಾಗೆ ಒಲಿಂಪಿಕ್ ಕಂಚು. ಸೋವಿಯತ್ ಒಕ್ಕೂಟ ಮುಗಿದುಹೋಗುವವರೆಗೂ ಮಹಿಳೆಯರ ಏಕವ್ಯಕ್ತಿ ವಿಭಾಗದಲ್ಲಿ ಒಂದು ವಿಶ್ವ ಚಿನ್ನವಿಲ್ಲ, ಒಂದು ಒಲಿಂಪಿಕ್ ಚಿನ್ನವಿಲ್ಲ. ಮೊದಲ ವಿಶ್ವ ಚಾಂಪಿಯನ್ ಮರೀಯಾ ಬುಟಿರ್ಸ್ಕಾಯಾ ಗೆದ್ದದ್ದು 1999ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ. ಆ ವಯಸ್ಸನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವರ ನಂತರ ಇರಿನಾ ಸ್ಲುಟ್ಸ್ಕಾಯಾ 2002 ಮತ್ತು 2005ರಲ್ಲಿ ವಿಶ್ವ ಚಾಂಪಿಯನ್ ಆದರು. ಒಲಿಂಪಿಕ್ ಚಿನ್ನ ಮಾತ್ರ ಅವರಿಗೂ ದಕ್ಕಲಿಲ್ಲ.

2007ರ ಜುಲೈನಲ್ಲಿ ಗಾಳಿ ತಿರುಗಿತು. 2014ರ ಚಳಿಗಾಲದ ಒಲಿಂಪಿಕ್ ರಷ್ಯಾದ ಸೋಚಿ ನಗರಕ್ಕೆ ಎಂದು ತೀರ್ಮಾನವಾಯಿತು. ಮೂರು ವರ್ಷದ ಬಳಿಕ, 2010ರ ವ್ಯಾಂಕೂವರ್ ಒಲಿಂಪಿಕ್‌ನಲ್ಲಿ ರಷ್ಯಾಕ್ಕೆ ಫಿಗರ್ ಸ್ಕೇಟಿಂಗ್‌ನ ಯಾವ ವಿಭಾಗದಲ್ಲೂ ಚಿನ್ನ ಬರಲಿಲ್ಲ. ಸ್ವಂತ ನೆಲದ ಒಲಿಂಪಿಕ್‌ಗೆ ನಾಲ್ಕೇ ವರ್ಷ ಬಾಕಿ. ಮರ್ಯಾದೆಯ ಪ್ರಶ್ನೆ.

ಆದರೆ ಬೀಜ ಆಗಲೇ ಮೊಳೆತಿತ್ತು. 2008ರ ಡಿಸೆಂಬರಿನಲ್ಲಿ ಅಡೆಲಿನಾ ಸೊಟ್ನಿಕೋವಾ ಎಂಬ 12 ವರ್ಷದ ಹುಡುಗಿ ಹಿರಿಯರನ್ನೆಲ್ಲಾ ಹಿಂದೆ ಹಾಕಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಳು. ಅವಳ ಹಿಂದೆಯೇ ಇನ್ನಷ್ಟು ಹುಡುಗಿಯರು ಸಾಲುಗಟ್ಟಿದ್ದರು. ಸೋವಿಯತ್ ಕಾಲದಿಂದ ಉಳಿದುಬಂದಿದ್ದ ಮಕ್ಕಳ ಕ್ರೀಡಾ ಶಾಲೆಗಳ ಜಾಲ ಇದಕ್ಕೆ ತಳಪಾಯ. ನಾಲ್ಕೈದು ವರ್ಷಕ್ಕೇ ಮಗು ರಿಂಕಿಗೆ ಬರುತ್ತದೆ. ಮುಂದೆ ಪರೀಕ್ಷೆ ಪಾಸು ಮಾಡಿದಂತೆ ಒಂದೊಂದೇ ದರ್ಜೆ ಏರಬೇಕು. ಮೇಲೆ ‘ಮಾಸ್ಟರ್ ಆಫ್ ಸ್ಪೋರ್ಟ್’ ಎಂಬ ಬಿರುದು ಕಾದಿರುತ್ತದೆ. ಮೆಟ್ಟಿಲು ಹತ್ತಲಾಗದವರು ಅಲ್ಲಲ್ಲೇ ಉಳಿಯುತ್ತಾರೆ. ಚೆನ್ನಾಗಿ ಆಡುವ ಮಗುವನ್ನು ಕರೆದುಕೊಂಡು ತಾಯಿ ಮಾಸ್ಕೋಗೋ ಸೇಂಟ್ ಪೀಟರ್ಸ್‌ಬರ್ಗ್‌ಗೋ ಬಂದು ನೆಲೆಸುತ್ತಾಳೆ. ಯೂಲಿಯಾ ಲಿಪ್ನಿಟ್ಸ್ಕಾಯಾ ಹಾಗೆ ಯೆಕಟೆರಿನ್‌ಬರ್ಗ್‌ನಿಂದ ತಾಯಿಯ ಜತೆ ಬಂದವಳು. ಜಗಿಟೋವಾ ಇಜೆವ್ಸ್ಕ್‌ನವಳು, ಟ್ರುಸೋವಾ ರಿಯಾಜಾನ್‌ನವಳು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ, ಎಂಟು ಹತ್ತು ವರ್ಷದ ಮಗುವಿನ ಒಂದು ಜಿಗಿತದ ಆಸೆಗೆ ಸಂಸಾರವೇ ಊರು ಬಿಟ್ಟದ್ದು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಇವರಲ್ಲಿ ಅನೇಕರು ಸೇರಿದ್ದು ಮಾಸ್ಕೋದ ಎಟೆರಿ ಟುಟ್ಬೆರಿಡ್ಜೆ ಎಂಬ ತರಬೇತುದಾರರ ಗುಂಪಿಗೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅಮೆರಿಕಕ್ಕೆ ಹೋಗಿ ಐಸ್ ಷೋಗಳಲ್ಲಿ ಆಡಿ, ಮರಳಿ ಬಂದವರು ಅವರು. ಅವರ ರಿಂಕಿನಲ್ಲಿ ಇಡೀ ಲೋಕದ ಅತ್ಯುತ್ತಮ ಹುಡುಗಿಯರು ಒಂದೇ ಹೊತ್ತಿಗೆ ಅಭ್ಯಾಸ ಮಾಡುತ್ತಿದ್ದರು. ಗಾಳದ ಕೋಲಿನಂಥ ಉದ್ದ ಕೋಲಿಗೆ ಹಗ್ಗ ಕಟ್ಟಿ, ಅದನ್ನು ಹುಡುಗಿಯ ಸೊಂಟದ ಪಟ್ಟಿಗೆ ಸಿಕ್ಕಿಸಿ, ಬೀಳದಂತೆ ಎತ್ತಿಹಿಡಿದು ಜಿಗಿತ ಕಲಿಸುತ್ತಿದ್ದರು. ಪಕ್ಕದವಳು ಇವತ್ತು ಹೊಸ ಜಿಗಿತ ಕಲಿತರೆ ನಾಳೆ ನನಗೂ ಅದು ಬರಲೇಬೇಕು. ವಿಶ್ವ ಚಾಂಪಿಯನ್ ಯಾರೆಂದು ತಿಳಿಯಲು ಪರದೇಶಕ್ಕೆ ಹೋಗಬೇಕಾಗಿರಲಿಲ್ಲ, ಕತ್ತು ತಿರುಗಿಸಿದರೆ ಸಾಕಿತ್ತು.

2014ರಲ್ಲಿ ಫಲ ಬಂತು. ಸೋಚಿಯ ತಂಡ ಸ್ಪರ್ಧೆಯಲ್ಲಿ 15 ವರ್ಷದ ಲಿಪ್ನಿಟ್ಸ್ಕಾಯಾ ಮನೆಮಾತಾದಳು. ಏಕವ್ಯಕ್ತಿ ವಿಭಾಗದಲ್ಲಿ 17 ವರ್ಷದ ಸೊಟ್ನಿಕೋವಾ ಕೊರಿಯಾದ ಯುನಾ ಕಿಮ್‌ಳನ್ನು ಹಿಂದೆ ಹಾಕಿದಳು. ತೀರ್ಪಿನ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ಅದೇನೇ ಇರಲಿ, ಪಾನಿನ್ ಗೆದ್ದ 106 ವರ್ಷಗಳ ನಂತರ ರಷ್ಯಾದ ಹೆಣ್ಣುಮಗಳೊಬ್ಬಳು ಈ ವಿಭಾಗದ ಒಲಿಂಪಿಕ್ ಚಿನ್ನ ಮುಟ್ಟಿದ್ದಳು. ಅವಳಿಗೆ ಕಲಿಸಿದವರು ಯಾರು ಗೊತ್ತೇ? ಯೆಲೆನಾ ಬುಯಾನೊವಾ. ಮದುವೆಗೆ ಮುಂಚಿನ ಅವರ ಹೆಸರು ವೊಡೊರೆಜೊವಾ. 1983ರ ಆ ಕಂಚಿನ ಹುಡುಗಿ.

ಆಮೇಲೆ ಹೊಳೆ ದಡ ಮೀರಿ ಹರಿಯಿತು. 2013 ಮತ್ತು 2014ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಮೂರೂ ಪದಕ ರಷ್ಯಾಕ್ಕೇ ಬಂದಿದ್ದವು. 2017ರ ಕಿರಿಯರ ಗ್ರ್ಯಾನ್ ಪ್ರಿ ಫೈನಲ್‌ಗೆ ಅರ್ಹರಾದ ಆರು ಹುಡುಗಿಯರಲ್ಲಿ ಐವರು ರಷ್ಯಾದವರು. ಹಿರಿಯರ ವಿಶ್ವ ಪಟ್ಟವನ್ನು 2015ರಲ್ಲಿ ಎಲಿಜವೆಟಾ ಟುಕ್ಟಮಿಷೆವಾ, 2016 ಮತ್ತು 2017ರಲ್ಲಿ ಮೆಡ್ವೆಡೆವಾ ಗೆದ್ದರು. 2018ರ ಒಲಿಂಪಿಕ್‌ನ ಅಂತಿಮ ಸುತ್ತಿನಲ್ಲಿ ಜಗಿಟೋವಾ, ಮೆಡ್ವೆಡೆವಾ ಇಬ್ಬರಿಗೂ ಸಿಕ್ಕಿದ್ದು ಒಂದೇ ಅಂಕ: 156.65. ಮೊದಲ ಸುತ್ತಿನ ಮುನ್ನಡೆಯಿಂದ ಜಗಿಟೋವಾ ಗೆದ್ದಳು. ಕಾರ್ಯಕ್ರಮದ ಎರಡನೆಯ ಅರ್ಧದಲ್ಲಿ, ಕಾಲು ಸೋತಿರುವಾಗ ಜಿಗಿದರೆ ಶೇಕಡಾ 10 ಹೆಚ್ಚು ಅಂಕ ಎಂಬ ನಿಯಮವಿತ್ತು. ಆಕೆ ಎಲ್ಲ ಜಿಗಿತಗಳನ್ನೂ ಆ ಅರ್ಧಕ್ಕೇ ಇಟ್ಟುಕೊಂಡಿದ್ದಳು. ಆ ವರ್ಷವೇ ನಿಯಮ ಬದಲಾಯಿಸಿ, ಕೊನೆಯ ಕೆಲವು ಜಿಗಿತಗಳಿಗೆ ಮಾತ್ರ ಹೆಚ್ಚುವರಿ ಅಂಕ ಎಂದು ಮಾಡಲಾಯಿತು.

ಒಲಿಂಪಿಕ್ ಮುಗಿದ ಮರು ತಿಂಗಳು, 13 ವರ್ಷದ ಟ್ರುಸೋವಾ ಕಿರಿಯರ ವಿಶ್ವ ಸ್ಪರ್ಧೆಯಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತವನ್ನು ಎರಡು ಬಾರಿ ಮಾಡಿದಳು. ಇದಕ್ಕೆ ಕ್ವಾಡ್ ಎನ್ನುತ್ತಾರೆ. ಅದುವರೆಗೆ ಸ್ಪರ್ಧೆಯಲ್ಲಿ ಕ್ವಾಡ್ ಜಿಗಿದಿದ್ದ ಹುಡುಗಿ ಜಪಾನಿನ ಮಿಕಿ ಆಂಡೊ ಒಬ್ಬಳೇ, ಅದೂ 2002ರಲ್ಲಿ. ನಾವು ಬುಗುರಿ ಆಡಿಸಿದವರಲ್ಲವೇ, ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಮೈ ಸಣ್ಣಗಿದ್ದಷ್ಟೂ ತಿರುಗುವ ವೇಗ ಹೆಚ್ಚು. ಹಾಗಾಗಿ ಮೈನೆರೆಯುವ ಮುಂಚಿನ ದೇಹವೇ ಬಂಡವಾಳವಾಯಿತು. 2019ರ ಡಿಸೆಂಬರಿನಲ್ಲಿ ಟ್ಯುರಿನ್‌ನ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಸರಾನ್ಸ್ಕ್‌ನ ಆ ಮೂವರೇ ಮೂರೂ ಪದಕ ಬಾಚಿಕೊಂಡರು. ಒಲಿಂಪಿಕ್ ಚಾಂಪಿಯನ್ ಜಗಿಟೋವಾಗೆ ಆರರಲ್ಲಿ ಆರನೆಯ ಸ್ಥಾನ. ಆ ತಿಂಗಳೇ ಸ್ಪರ್ಧೆಗಳಿಂದ ಹಿಂದೆ ಸರಿದಳು. ಆಗ ಆಕೆಗೆ 17 ವರ್ಷ.

ಈಗ ಬುಟಿರ್ಸ್ಕಾಯಾ ಅವರ 26 ವರ್ಷವನ್ನು ನೆನಪಿಸಿಕೊಳ್ಳಿ. ಸೊಟ್ನಿಕೋವಾ ಸೋಚಿಯ ನಂತರ ಎರಡು ವರ್ಷದೊಳಗೇ ಸ್ಪರ್ಧೆಗಳಿಂದ ಮರೆಯಾದಳು. ಲಿಪ್ನಿಟ್ಸ್ಕಾಯಾ 2017ರಲ್ಲಿ, 19ನೆಯ ವಯಸ್ಸಿಗೆ ನಿವೃತ್ತಿ ಹೇಳಿದಳು. ಊಟವನ್ನೇ ದೂರ ಮಾಡಿಸುವ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದದ್ದನ್ನು ತಾನೇ ಹೇಳಿಕೊಂಡಳು. 2022ರ ಬೀಜಿಂಗ್ ಒಲಿಂಪಿಕ್ ಗೆದ್ದ ಶೆರ್ಬಕೋವಾ ಆಮೇಲೆ ಅಂತಾರಾಷ್ಟ್ರೀಯ ಸ್ಪರ್ಧೆಗೆ ಇಳಿಯಲಿಲ್ಲ. ಮೂರು ಒಲಿಂಪಿಕ್, ಮೂವರು ಚಾಂಪಿಯನ್‌ಗಳು. ಒಬ್ಬಳೂ ಎರಡನೆಯ ಒಲಿಂಪಿಕ್ ನೋಡಲಿಲ್ಲ.

ಇದಕ್ಕೆ ತರಬೇತುದಾರರೊಬ್ಬರನ್ನೇ ದೂರಿದರೆ ಸಾಲದು. ಒಂದು ದೇಶದಿಂದ ಹೆಚ್ಚೆಂದರೆ ಮೂವರು ಹೋಗಬಹುದು ಎಂಬುದು ನಿಯಮ. ಬಾಗಿಲಲ್ಲಿ ಹತ್ತು ಮಂದಿ ನಿಂತಿರುವಾಗ, ಗಾಯಗೊಂಡವಳು ಗುಣವಾಗಲಿ, ಬೆಳೆಯುತ್ತಿರುವ ಹುಡುಗಿ ತನ್ನ ಹೊಸ ದೇಹಕ್ಕೆ ಹೊಂದಿಕೊಳ್ಳಲಿ ಎಂದು ಕಾಯಬೇಕಾದ ಅಗತ್ಯ ಯಾರಿಗಿದೆ? ಆಳವೇ ಶಕ್ತಿ, ಆಳವೇ ನಿರ್ದಯೆ. ಎಲೆನಾ ರಾಡಿಯೊನೊವಾಳನ್ನು ನೋಡಿ. ಎರಡು ಬಾರಿ ಕಿರಿಯರ ವಿಶ್ವ ಚಾಂಪಿಯನ್, ಹಿರಿಯರಲ್ಲೂ ವಿಶ್ವ ಕಂಚು. ಸೋಚಿಗೆ ಆರೇ ತಿಂಗಳ ಮಟ್ಟಿಗೆ ವಯಸ್ಸು ಸಾಲಲಿಲ್ಲ. ಮುಂದಿನ ಒಲಿಂಪಿಕ್ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೆಯವರಿದ್ದರು.

ಬೀಜಿಂಗ್‌ನಲ್ಲಿ ಇದೆಲ್ಲಾ ಲೋಕದ ಕಣ್ಣೆದುರಿಗೇ ಬಂತು. ಕಜಾನ್‌ನ ಕಮಿಲಾ ವಲಿಯೇವಾಗೆ ಆಗ 15 ವರ್ಷ. 2021ರ ಡಿಸೆಂಬರ್ 25ರಂದು ತೆಗೆದ ಅವಳ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ನಿಷೇಧಿತ ಹೃದಯದ ಔಷಧಿ ಇತ್ತೆಂಬ ಸುದ್ದಿ ಕ್ರೀಡಾಕೂಟದ ನಡುವೆ ಹೊರಬಿತ್ತು. ಕೊನೆಯ ಸುತ್ತಿನಲ್ಲಿ ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾದಳು. ಐದು ಕ್ವಾಡ್ ಜಿಗಿದ ಟ್ರುಸೋವಾ ಬೆಳ್ಳಿ ಬಂದಿದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಚಿನ್ನ ಗೆದ್ದ ಶೆರ್ಬಕೋವಾ ಒಂದು ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಾಲಯ ವಲಿಯೇವಾಗೆ, ಮಾದರಿ ತೆಗೆದ ದಿನದಿಂದ ಲೆಕ್ಕ ಹಾಕಿ, ನಾಲ್ಕು ವರ್ಷ ನಿಷೇಧ ವಿಧಿಸಿತು. ಬೀಜಿಂಗ್‌ನ ತಂಡ ಸ್ಪರ್ಧೆಯ ಚಿನ್ನ ರಷ್ಯಾದ ಕೈತಪ್ಪಿ ಅಮೆರಿಕದ ಪಾಲಾಯಿತು.

2022ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ಕಾರಣ ರಷ್ಯಾದ ಸ್ಕೇಟರುಗಳಿಗೆ ಅಂತಾರಾಷ್ಟ್ರೀಯ ಸ್ಪರ್ಧೆಗಳ ಬಾಗಿಲು ಮುಚ್ಚಿತು. ಜೂನಿನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿತು. 2025ರ ಸೆಪ್ಟೆಂಬರಿನಲ್ಲಿ ಅಡೆಲಿಯಾ ಪೆಟ್ರೋಸ್ಯಾನ್ ಎಂಬ ಹುಡುಗಿ ಬೀಜಿಂಗ್‌ನ ಅರ್ಹತಾ ಸ್ಪರ್ಧೆ ಗೆದ್ದು, ತನ್ನ ದೇಶದ ಬಾವುಟವಿಲ್ಲದೆ 2026ರ ಮಿಲಾನ್ ಒಲಿಂಪಿಕ್‌ಗೆ ಜಾಗ ಗಳಿಸಿದಳು. ಮೂವರಿಗೇ ಜಾಗ ಸಾಲದಿದ್ದ ದೇಶಕ್ಕೆ ಈ ವಿಭಾಗದಲ್ಲಿ ಸಿಕ್ಕಿದ್ದು ಒಂದೇ ಒಂದು ಜಾಗ.

ಕೊನೆಗೆ ಟುಕ್ಟಮಿಷೆವಾಳ ವಿಷಯ ಹೇಳಿ ಮುಗಿಸುತ್ತೇನೆ. ಉದ್ಮುರ್ತಿಯಾದ ಗ್ಲಾಜೊವ್ ಎಂಬ ಸಣ್ಣ ಊರಿನಿಂದ ಬಂದವಳು, ಹಿರಿಯ ಗುರು ಅಲೆಕ್ಸೇಯ್ ಮಿಷಿನ್ ಅವರ ಶಿಷ್ಯೆ. 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಳು. ಆಮೇಲೆ ಸೋತಳು, ಗಾಯಗೊಂಡಳು, ತನಗಿಂತ ಏಳೆಂಟು ವರ್ಷ ಚಿಕ್ಕವರ ಹಿಂದೆ ನಿಂತಳು. ಆಟ ಮಾತ್ರ ಬಿಡಲಿಲ್ಲ. 2021ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರೂ ಪದಕ ರಷ್ಯಾಕ್ಕೆ ಬಂದಾಗ ಶೆರ್ಬಕೋವಾ ಮತ್ತು ಟ್ರುಸೋವಾ ನಡುವೆ ಬೆಳ್ಳಿ ಹಿಡಿದು ನಿಂತವಳು ಇವಳೇ, 24ನೆಯ ವಯಸ್ಸಿನಲ್ಲಿ. 2014, 2018, 2022 ಈ ಮೂರು ಒಲಿಂಪಿಕ್‌ಗಳಿಗೂ ಅವಳಿಗೆ ಜಾಗ ಸಿಗಲಿಲ್ಲ. ಹೆಣ್ಣುಮಗಳು ಬೆಳೆದ ಮೇಲೂ ಈ ಆಟ ಆಡಬಲ್ಲಳು ಎಂದು ತೋರಿಸಿಕೊಟ್ಟವಳಿಗೇ ಬಾಗಿಲು ತೆರೆಯಲಿಲ್ಲ.

ಪದಕ ಪಟ್ಟಿಯಲ್ಲಿ ಕಾಣುವುದು ಮೂರು ಹೆಸರು. ಒಂದು ದೇಶದ ಆಳ ಎಷ್ಟೆಂದು ತಿಳಿಯಬೇಕಾದರೆ ಮನೆಯಲ್ಲೇ ಉಳಿದ ನಾಲ್ಕನೆಯ ಹುಡುಗಿಯನ್ನು ನೋಡಬೇಕು. ಆ ದೇಶ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತದೆಂದು ತಿಳಿಯಲೂ ಅವಳನ್ನೇ ಕೇಳಬೇಕು. ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ ಈಜಿಗೋ ನೃತ್ಯಕ್ಕೋ ಕ್ರಿಕೆಟ್ ಕೋಚಿಂಗಿಗೋ ಕರೆದೊಯ್ಯುವವರು ನಮ್ಮಲ್ಲೂ ಎಷ್ಟೋ ಮಂದಿ ಇದ್ದೀರಿ. ಮುಂದಿನ ಸಲ ಮಗು ನಾಲ್ಕನೆಯ ಸ್ಥಾನ ತೆಗೆದುಕೊಂಡು ಮನೆಗೆ ಬಂದಾಗ, ದಯವಿಟ್ಟು ಮೊದಲು ಊಟಕ್ಕೆ ಕರೆಯಿರಿ. ಫಲಿತಾಂಶದ ಮಾತು ಆಮೇಲೆ ಆಡಿದರಾಯಿತು.